ಫ್ಲೋರೈಡ್ ಮೀಟರ್, ಭಾಗ 7: ಒಳಗೆ ಒಂದೂವರೆ, ಹೊರಗೆ ಎರಡೂವರೆ

ಮೊದಲು ಸುದ್ದಿ. ಕಳೆದ ಭಾನುವಾರ ಅಪ್ಪನ 24 ಗಂಟೆಯ ಮೂತ್ರ ಅಳೆದೆ. ಅವತ್ತು ಅವರ ಹೊಟ್ಟೆಗೆ ಹೋದ ಫ್ಲೋರೈಡ್ ನನ್ನ ಲೆಕ್ಕದಲ್ಲಿ 1.5 ಮಿಲಿಗ್ರಾಂ. ಹೊರಗೆ ಬಂದದ್ದು 2.5.

ನಾನೇ ಮನೆಯಲ್ಲಿ ಕಟ್ಟಿದ ಫ್ಲೋರೈಡ್ ಮೀಟರ್ ಮತ್ತೆ ಕೈಕೊಟ್ಟಿತು ಅಂದುಕೊಂಡೆ. ಈ ಯೋಜನೆಯಲ್ಲಿ ನನಗೆ ಇದು ಅಭ್ಯಾಸ. ಎಷ್ಟು ಫ್ಲೋರೈಡ್ ಇದೆ ಅಂತ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣ ಇಟ್ಟು ನೋಡಿದೆ. 1 ಇದ್ದದ್ದು 1.02 ತೋರಿಸಿತು, 5 ಇದ್ದದ್ದು 4.9. ಸ್ಲೋಪ್, ಅಂದರೆ ಫ್ಲೋರೈಡ್ ಹತ್ತು ಪಟ್ಟಾದಾಗ ಬದಲಾಗುವ ವೋಲ್ಟೇಜ್, 57.8 ಮಿಲಿವೋಲ್ಟ್. ಇದಕ್ಕಿಂತ ಚೆನ್ನಾಗಿ ಈ ಡಬ್ಬ ಯಾವತ್ತೂ ನಡೆದಿಲ್ಲ. ಅಂದರೆ ಸಂಖ್ಯೆ ನಿಜ. ಹಾಗಾದರೆ ಮಿಕ್ಕ 1 ಮಿಲಿಗ್ರಾಂ ಎಲ್ಲಿಂದ ಬಂತು? ಅದನ್ನು ಹೇಳುವ ಮುಂಚೆ ನಾಲ್ಕು ತಿಂಗಳ ಗೋಳು ಕೇಳಬೇಕು.

ಹಿಂದಿನ ಭಾಗ ಓದದವರಿಗೆ ಎರಡು ಮಾತು. ನಮ್ಮೂರು ಪಾವಗಡದ ಕಡೆ. ಈಗ ಸೋಲಾರ್ ಪಾರ್ಕ್‌ನಿಂದ ಹೆಸರಾಗಿದೆ, ಅದಕ್ಕೆ ಮುಂಚೆ ಫ್ಲೋರೈಡ್‌ನಿಂದ. ನಮ್ಮ ಮನೆಯ ಬೋರ್ ನೀರಿನಲ್ಲಿ ಲೀಟರಿಗೆ 3.4 ಮಿಲಿಗ್ರಾಂ ಇದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ 1 ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ನನ್ನ ಮುಂದಿನ ಹಲ್ಲುಗಳ ಕಂದು ಗೆರೆ ಆ ಬೋರ್ ಕೊಟ್ಟ ಉಡುಗೊರೆ. ಚಿಕ್ಕಂದಿನಲ್ಲಿ ಹಲ್ಲು ಒಸಡಿನೊಳಗೆ ತಯಾರಾಗುವಾಗ ಬೀಳುವ ಗೆರೆ ಅದು, ಆಮೇಲೆ ಏನು ತಿಕ್ಕಿದರೂ ಹೋಗದು. ಎರಡು ವರ್ಷದಿಂದ ಮನೆಯಲ್ಲಿ ಫಿಲ್ಟರ್ ನೀರಿನ ಕ್ಯಾನ್ ಬರುತ್ತಿದೆ. ಅದರಲ್ಲಿ 0.3 ಮಾತ್ರ. ಸ್ಥೂಲವಾಗಿ ಕುಡಿಯುವ ನೀರಿನಲ್ಲಿ 1 ಇದ್ದರೆ ಮೂತ್ರದಲ್ಲೂ 1ರ ಆಸುಪಾಸು ಇರುತ್ತದೆ. ಹಾಗಾಗಿ ಅಪ್ಪನದು 1ಕ್ಕಿಂತ ಕೆಳಗೆ ಇಳಿದಿರಬೇಕಿತ್ತು. ನನ್ನ ಮೀಟರ್ ಮಾತ್ರ 3 ಅನ್ನುತ್ತಿತ್ತು.

ನೀರು ಅಳೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. (ನೀರಿನಲ್ಲಿ ಕರಗಿದ ಒಟ್ಟು ಲವಣವನ್ನಷ್ಟೇ ತೋರಿಸುವ ಟಿಡಿಎಸ್ ಪೆನ್ ಅದ್ದಿ "ನೀರು ಸೂಪರ್" ಅನ್ನುವ ನನ್ನ ಭಾವನಿಗೆ: ಅದರಲ್ಲಿ ಫ್ಲೋರೈಡ್ ಕಾಣಲ್ಲ ಭಾವ, ಇನ್ನೆಷ್ಟು ಸಲ ಹೇಳಲಿ.) ಆದರೆ ನೀರಿನಲ್ಲಿ ಎಷ್ಟಿದೆ ಅನ್ನುವುದು ಒಂದು, ಮೈಯೊಳಗೆ ಎಷ್ಟು ಸೇರಿದೆ ಅನ್ನುವುದು ಇನ್ನೊಂದು. ನನಗೆ ಎರಡನೆಯದು ಬೇಕಿತ್ತು.

ಫ್ಲೋರೈಡನ್ನು ವೋಲ್ಟೇಜ್ ಆಗಿ ತೋರಿಸುವ ಎಲೆಕ್ಟ್ರೋಡ್ ಮಾಮೂಲಿನದೇ. ಫ್ರಾಂಟ್ ಮತ್ತು ರಾಸ್ 1966ರಲ್ಲಿ ತೋರಿಸಿದ ಲ್ಯಾಂಥನಮ್ ಫ್ಲೋರೈಡ್ ಹರಳು, ಅದಕ್ಕೆ ಚಿಟಿಕೆ ಯುರೋಪಿಯಮ್. ಸೆಕೆಂಡ್ ಹ್ಯಾಂಡ್ ತಗೊಂಡೆ. ಆರ್ಡರ್ ಮಾಡಿದ ಮೊದಲ ಅಂಗಡಿಯವನು ಫ್ಲೋರೈಡ್ ಅಂತ ಚೀಟಿ ಅಂಟಿಸಿ ಪಿಎಚ್ ಎಲೆಕ್ಟ್ರೋಡ್ ಕಳಿಸಿದ್ದ. ಫೋನ್ ಮಾಡಿದರೆ "ಸಾರ್, ಎರಡೂ ಒಂದೇ ಫ್ಯಾಮಿಲಿ" ಅಂದ. ನಮ್ಮ ಬೀದಿಯಲ್ಲೂ ಎಲ್ಲರೂ ಒಂದೇ ಫ್ಯಾಮಿಲಿ, ಹಾಗಂತ ಯಾರ ಮನೆಗೆ ಬೇಕಾದರೂ ನುಗ್ಗಿ ಊಟಕ್ಕೆ ಕೂರುತ್ತೇವಾ?

ಈಗ ಗೋಳು. ಅಪ್ಪನ ಒಂದೇ ಬಾಟಲಿ. ಬೆಳಗ್ಗೆ ಅಳೆದರೆ 2.6. ಮಧ್ಯಾಹ್ನ 3.4. ರಾತ್ರಿ 2.9. ಪ್ರತಿ ಸಲವೂ ಅರ್ಧಕ್ಕರ್ಧ ಟಿಸಾಬ್ (ಎಲ್ಲ ಮಾದರಿಗಳ ಉಪ್ಪು, ಹುಳಿಯನ್ನು ಒಂದೇ ಮಟ್ಟಕ್ಕೆ ತರುವ ದ್ರಾವಣ), ಅದೇ ಪ್ಲಾಸ್ಟಿಕ್ ಬೀಕರ್, ಹರಳಿನ ಕೆಳಗೆ ಗುಳ್ಳೆ ಇಲ್ಲ.

ಎಲೆಕ್ಟ್ರಾನಿಕ್ಸ್ ಹವ್ಯಾಸದವನು ಮೊದಲು ಎಲ್ಲಿ ಕೈ ಹಾಕುತ್ತಾನೆ ಹೇಳಿ. ಸರ್ಕ್ಯೂಟ್‌ಗೆ. ಎಲೆಕ್ಟ್ರೋಡ್ ಸಿಗ್ನಲ್ ಹಿಡಿಯುವ ಚಿಪ್ ಆಪ್ ಆಂಪ್ ಬದಲಾಯಿಸಿದೆ. ವೋಲ್ಟೇಜನ್ನು ಸಂಖ್ಯೆ ಮಾಡುವ ಎಡಿಎಸ್ 1115 ಬೋರ್ಡ್ ಹೊಸದು ಹಾಕಿದೆ. ಎಲ್ಲವನ್ನೂ ಬಿಸ್ಕತ್ ಡಬ್ಬದೊಳಗೆ ಕೂರಿಸಿ ಡಬ್ಬಕ್ಕೆ ಗ್ರೌಂಡ್ ಕೊಟ್ಟೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದೆ. ಮೂರು ಭಾನುವಾರ ಹೋದವು. ಸಂಖ್ಯೆ ಮಾತ್ರ ತನ್ನ ಪಾಡಿಗೆ ಕುಣಿಯುತ್ತಿತ್ತು.

ನಾಲ್ಕನೇ ಭಾನುವಾರ ಕರೆಂಟ್ ಹೋಯಿತು. ಬಾಟಲಿ ಆಗಲೇ ಫ್ರಿಜ್‌ನಿಂದ ತೆಗೆದಾಗಿತ್ತು. ಈಗ ಬರುತ್ತೆ, ಆಗ ಬರುತ್ತೆ ಅಂತ ಎರಡು ಗಂಟೆ ಕಾದೆ. ಬರಲಿಲ್ಲ. ಮೀಟರ್ ಹೇಗೂ ಬ್ಯಾಟರಿಯದು, ಬೀಕರ್ ಕೆಳಗಿಟ್ಟು ದ್ರಾವಣ ತಿರುಗಿಸುವ ಕರೆಂಟ್ ಸ್ಟಿರರ್ ಮಾತ್ರ ಇಲ್ಲ. ಪ್ಲಾಸ್ಟಿಕ್ ಕಡ್ಡಿಯಲ್ಲಿ ಕೈಯಲ್ಲೇ ತಿರುಗಿಸುತ್ತಾ ಅಳೆದೆ. 3.1. ಮತ್ತೆ ಹೊಸದಾಗಿ ಬೆರೆಸಿ ಅಳೆದೆ. 3.1. ಇನ್ನೊಮ್ಮೆ. 3.0.

ನನಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ಕರೆಂಟ್ ಇದ್ದಾಗ ತಪ್ಪು, ಹೋದಾಗ ಸರಿ. ಅಂದರೆ ಇನ್ನೂ ಎಲ್ಲೋ ಕರೆಂಟ್ ತಂತಿಯ ಹಮ್ ಬರ್ತಿದೆ ಅಂತ ಡಬ್ಬ ಮತ್ತೆ ಬಿಚ್ಚಲು ಹೊರಟೆ. ಅಷ್ಟರಲ್ಲಿ ಕರೆಂಟ್ ಬಂತು, ಸ್ಟಿರರ್ ತಿರುಗತೊಡಗಿತು. ಹತ್ತು ನಿಮಿಷ ಬಿಟ್ಟು ಬೀಕರ್ ಎತ್ತಿದಾಗ ಕೆಳಗಿನ ತಟ್ಟೆ ಕೈಗೆ ತಾಗಿತು. ದೋಸೆ ಹೆಂಚಿನಷ್ಟಲ್ಲ, ಆದರೆ ಬೆಚ್ಚಗಿತ್ತು. ಥರ್ಮಾಮೀಟರ್ ಇಳಿಬಿಟ್ಟು ನೋಡಿದೆ. ಹತ್ತು ನಿಮಿಷದಲ್ಲಿ 24ರಿಂದ 29 ಡಿಗ್ರಿ.

ಆಮೇಲೆ ಎಲ್ಲಾ ಕೂಡಿಕೊಂಡಿತು. ಬೆಳಗ್ಗೆ ಫ್ರಿಜ್‌ನಿಂದ ನೇರ ತೆಗೆದ ತಣ್ಣನೆ ಮಾದರಿ. ಮಧ್ಯಾಹ್ನ ಸ್ಟಿರರ್ ಮೇಲೆ ಕೂತು ಬೆಚ್ಚಗಾದ ಮಾದರಿ. ಸ್ಟ್ಯಾಂಡರ್ಡ್ ಇನ್ಯಾವುದೋ ಹೊತ್ತಿನಲ್ಲಿ ಅಳೆದದ್ದು. ಈ ಎಲೆಕ್ಟ್ರೋಡ್‌ನಲ್ಲಿ 1 ಮಿಲಿವೋಲ್ಟ್ ತಪ್ಪಿದರೆ ಉತ್ತರ ಸುಮಾರು 4% ತಪ್ಪುತ್ತದೆ. 1 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 2%. ಏಳೆಂಟು ಡಿಗ್ರಿ ಆಚೀಚೆ ಆದರೆ ನನ್ನ 2.6, 3.4ರ ಕುಣಿತಕ್ಕೆ ಅಷ್ಟು ಸಾಕು. ಆಪ್ ಆಂಪ್, ಕ್ಷಮಿಸಿಬಿಡಪ್ಪ.

ಪರಿಹಾರಕ್ಕೆ ಹತ್ತು ರೂಪಾಯಿಯೂ ಆಗಲಿಲ್ಲ. ಅಟ್ಟದ ಮೇಲೆ ಹಳೆಯ ಗಣಪತಿ ಮಂಟಪದ ಥರ್ಮೋಕೋಲ್ ಇತ್ತು. ಒಂದು ಚೂರು ಕತ್ತರಿಸಿ ಸ್ಟಿರರ್ ಮತ್ತು ಬೀಕರ್ ನಡುವೆ ಇಟ್ಟೆ. ಸ್ಟ್ಯಾಂಡರ್ಡ್, ಮಾದರಿ, ಟಿಸಾಬ್ ಮೂರನ್ನೂ ಒಂದೇ ಬಕೆಟ್ ನೀರಿನಲ್ಲಿ ಒಂದು ಗಂಟೆ ನಿಲ್ಲಿಸಿ ಆಮೇಲೆ ಅಳೆಯುತ್ತೇನೆ. ಅಷ್ಟೇ. ಅದೇ ಬಾಟಲಿಯ ಅರ್ಧವನ್ನು ಹೆಸರಿಲ್ಲದೆ ಹೊರಗಿನ ಲ್ಯಾಬ್ ಒಂದಕ್ಕೂ ಕೊಟ್ಟಿದ್ದೆ. ಅವರದು 3.3, ನನ್ನದು 3.1. ಆ ದಿನ ಮೈಸೂರ್‌ಪಾಕ್ ತಂದೆ.

ಇಷ್ಟಾದ ಮೇಲೂ ಅಪ್ಪ ಸುಮ್ನೆ ಬಿಡಲಿಲ್ಲ. ಒಂದು ದಿನದ ಮಾದರಿ 4.2, ಮರುದಿನದ್ದು 1.9. ಮೀಟರ್ ಸರಿ ಇದೆ ಅಂತ ಗೊತ್ತು. ಮೊದಲ ದಿನ ಅಪ್ಪ ಬಿಸಿಲಲ್ಲಿ ಶೇಂಗಾ ಕೀಳಿಸುತ್ತಿದ್ದರು, ನೀರು ಕುಡಿದದ್ದು ಕಡಿಮೆ. ಎರಡನೇ ದಿನ ಮದುವೆ ಮನೆ, ಪಾನಕ ಮಜ್ಜಿಗೆ ಧಾರಾಳ. ಮೂತ್ರ ಗಟ್ಟಿಯೋ ತೆಳುವೋ ನೋಡದೆ ಸಂಖ್ಯೆಗೆ ಅರ್ಥವಿಲ್ಲ.

ಲ್ಯಾಬ್‌ನವರು ಕ್ರಿಯಾಟಿನಿನ್‌ನಿಂದ ಭಾಗಿಸುತ್ತಾರೆ. ಅದು ಮೈ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಬಿಡುವ ಕಸ. ಅದನ್ನು ಅಳೆಯಲು ಯಾಫೆ ವಿಧಾನ, ಅದಕ್ಕೆ ಪಿಕ್ರಿಕ್ ಆಮ್ಲ. ಒಣಗಿದರೆ ಸಿಡಿಯುವ ವಸ್ತು. ಫೋನ್‌ನಲ್ಲಿ ಹೆಸರೆತ್ತಿದ ಕೂಡಲೇ ಅಂಗಡಿಯವರು "ಯಾವ ಕಾಲೇಜು ಸಾರ್, ಲೆಟರ್‌ಹೆಡ್ ಕಳಿಸಿ" ಅಂದರು. ಈ ಒಂದು ವಿಷಯದಲ್ಲಿ ಅವರದೇ ಸರಿ. ಅಡುಗೆ ಮನೆ ಪಕ್ಕ ಅದನ್ನು ಇಡುವ ಧೈರ್ಯ ನನಗೂ ಇಲ್ಲ. ಬದಲಿಗೆ ಸ್ಪೆಸಿಫಿಕ್ ಗ್ರಾವಿಟಿ (ನೀರಿಗಿಂತ ಎಷ್ಟು ಗಟ್ಟಿ ಅನ್ನುವ ಅಳತೆ, ಬರೀ ನೀರಿಗೆ 1.000) ತೋರಿಸುವ ಕೈ ರಿಫ್ರಾಕ್ಟೋಮೀಟರ್ ತರಿಸಿದೆ. ಬಂದದ್ದು ಕಬ್ಬಿನ ಹಾಲಿನ ಸಕ್ಕರೆ ಅಳೆಯುವ ಬ್ರಿಕ್ಸ್‌ನದು. ವಾಪಸ್ ತಗೊಳ್ಳಲಿಲ್ಲ. ಎರಡನೇ ಸಲ ಬೇರೆ ಕಡೆಯಿಂದ ಸರಿಯಾದದ್ದು ಬಂತು. ಬ್ರಿಕ್ಸ್‌ನದು ಆಲೆಮನೆ ಇಟ್ಟಿರುವ ಗೆಳೆಯನಿಗೆ ಹೋಯಿತು, ಒಂದು ಅಚ್ಚು ಬೆಲ್ಲ ಬಂತು, ಲೆಕ್ಕ ಚುಕ್ತಾ.

4.2ರ ದಿನ ಗ್ರಾವಿಟಿ 1.028. 1.020ಕ್ಕೆ ತಂದರೆ, ಅಂದರೆ 20ರಿಂದ ಗುಣಿಸಿ 28ರಿಂದ ಭಾಗಿಸಿದರೆ, 3.0. 1.9ರ ದಿನ 1.012. ಅದನ್ನೂ ಹಾಗೇ ತಂದರೆ 3.2. ಕಾಗದದ ಮೇಲೆ ಆ ಎರಡು ಸಂಖ್ಯೆ ಪಕ್ಕಪಕ್ಕ ಬಂದು ಕೂತಾಗ ನಾನು ಒಬ್ಬನೇ ಚಪ್ಪಾಳೆ ಹೊಡೆದೆ.

ಹಾಗಾದರೆ ಅಪ್ಪನದು ನಿಜವಾಗಿಯೂ 3. ಫಿಲ್ಟರ್ ನೀರು ಕುಡಿದೂ 3. ಅನುಮಾನ ಬಂದದ್ದು ಫಿಲ್ಟರ್ ಘಟಕದ ಮೇಲೆ. ನಾಲ್ಕು ಕ್ಯಾನ್ ಅಳೆದೆ, ಎಲ್ಲಾ 0.3 ಆಸುಪಾಸು. ಪೇಸ್ಟ್ ಇರಬಹುದಾ? ಅಪ್ಪ ಇವತ್ತಿಗೂ ಬೇವಿನ ಕಡ್ಡಿ.

ಉತ್ತರ ನನ್ನ ಮುಂದೆಯೇ ತಟ್ಟೆಯಲ್ಲಿ ಕೂತಿತ್ತು. ಅಮ್ಮ ಮುದ್ದೆಗೆ ಎಸರು ಇಡುತ್ತಿದ್ದರು. ನೀರು ತೆಗೆದದ್ದು ಬೋರ್ ತುಂಬಿದ ಕೊಳಗದಿಂದ.

"ಅಮ್ಮ, ಅಡುಗೆಗೆ ಈ ನೀರಾ?"

"ಮತ್ತೆ? ಅಡುಗೆಗೂ ದುಡ್ಡಿನ ನೀರು ಸುರೀಲಾ? ಅದು ಕುಡಿಯೋಕೆ. ಇದು ಹೆಂಗೂ ಕುದಿಯುತ್ತಲ್ಲೋ, ಕುದ್ದ್ರೆ ಎಲ್ಲಾ ಹೋಗುತ್ತೆ."

ಹೋಗಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಮುದ್ದೆಯಲ್ಲಂತೂ ಎಸರಿನ ಒಂದು ಹನಿಯೂ ಚೆಲ್ಲುವುದಿಲ್ಲ. ಮುದ್ದೆ, ಸಾರು, ಅನ್ನ, ಟೀ ಸೇರಿ ಅಪ್ಪನ ಪಾಲಿಗೆ ದಿನಕ್ಕೆ ಒಂದೂಕಾಲು ಲೀಟರ್ ಬೋರ್ ನೀರು ಹೋಗುತ್ತಿತ್ತು. ಅದರಲ್ಲೇ ಸುಮಾರು 4.2 ಮಿಲಿಗ್ರಾಂ. ಟೀ ಸೊಪ್ಪಿನದು ಬೇರೆ. ಟೀ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡುತ್ತದೆ. ಫಿಲ್ಟರ್ ನೀರಿನಲ್ಲೇ ಕಾಸಿದ ಡಿಕಾಕ್ಷನ್ ಅಳೆದು ನೋಡಿದರೆ, ಅಪ್ಪನ ಐದು ಲೋಟಕ್ಕೆ ಅರ್ಧ ಮಿಲಿಗ್ರಾಂ. ಕುಡಿಯುವ ನೀರಿನದು 0.6. ಒಟ್ಟು ಐದೂ ಚಿಲ್ಲರೆ. ನೀರಿನ ಕ್ಯಾನ್ ಅಳೆದವನಿಗೆ ಇದು ಎಂದೂ ಕಾಣುತ್ತಿರಲಿಲ್ಲ. ಅಪ್ಪನನ್ನು ಅಳೆದಿದ್ದಕ್ಕೆ ಕಂಡಿತು.

ದೊಡ್ಡವರ ಲೋಕದಲ್ಲೂ ಹೀಗೇ ಆಗಿದೆ. ಅಮೆರಿಕದಲ್ಲಿ 1976ರಿಂದ 1980ರ ತನಕ ಸಾವಿರಾರು ಜನರ ರಕ್ತದ ಸೀಸ ಅಳೆದರು. ಪೆಟ್ರೋಲ್‌ಗೆ ಬೆರೆಸುವ ಸೀಸ ಇಳಿದ ಹಾದಿಯಲ್ಲೇ ರಕ್ತದ ಸೀಸವೂ ಸರಾಸರಿ ಸುಮಾರು 37% ಇಳಿದಿತ್ತು. ಪೆಟ್ರೋಲ್‌ನ ಸೀಸ ಜನರ ರಕ್ತಕ್ಕೆ ಎಷ್ಟು ಸೇರುತ್ತಿತ್ತು ಅಂತ ಆಗ ಸ್ಪಷ್ಟವಾಗಿ ಕಂಡಿತು. ನಮ್ಮಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ರಲ್ಲಿ.

ರಕ್ತ ಅಂದ ಕೂಡಲೇ ನೆನಪಾಯಿತು. ಚುಚ್ಚುವ ಕೆಲಸಕ್ಕೆ ನಾನು ಇಳಿಯಲ್ಲ. ಆದರೆ ಉಸಿರು ಅಳೆಯಬಹುದು ಅಲ್ವಾ? ಅಮ್ಮ ಬೆಳಗ್ಗೆ ಹಂಡೆ ಒಲೆಯ ಮುಂದೆ ಒಂದು ಗಂಟೆ ಊದುತ್ತಾ ಕೂರುತ್ತಾರೆ. 15 ಸೆಕೆಂಡ್ ಉಸಿರು ಹಿಡಿದು ಊದಿದರೆ, ರಕ್ತದಲ್ಲಿ ಎಷ್ಟು ಕಾರ್ಬನ್ ಮಾನಾಕ್ಸೈಡ್ ಸೇರಿದೆ ಅಂತ ಆ ಗಾಳಿ ಹೇಳುತ್ತದೆ. ಸೆನ್ಸರ್ ಬಂದು ಡ್ರಾಯರ್‌ನಲ್ಲಿ ಕೂತಿದೆ. ತೊಂದರೆ ಏನಪ್ಪಾ ಅಂದರೆ ಅದು ಹೈಡ್ರೋಜನ್‌ಗೂ ಮೂಗು ಚಾಚುತ್ತದೆ. ಕಾಳು ತಿಂದರೆ ಕರುಳಿನಲ್ಲಿ ಹುದುಗಿ ಉಸಿರಿನಲ್ಲಿ ಹೈಡ್ರೋಜನ್ ಬರುತ್ತದೆ. ಅವರೆಕಾಯಿ ಸೀಸನ್ ಮುಗಿಯುವ ತನಕ ನಮ್ಮ ಮನೆಯಲ್ಲಿ ಆ ಪ್ರಯೋಗ ಸಾಧ್ಯವೇ ಇಲ್ಲ.

ಸರಿ, ಮತ್ತೆ ಅಪ್ಪ. ಅಡುಗೆಗೂ ಫಿಲ್ಟರ್ ನೀರು ಶುರು ಮಾಡಿಸಿದೆ. ಸಾರಿಗೆ ರುಚಿ ಬರಲ್ಲ ಅಂತ ಅಮ್ಮ ಒಂದು ವಾರ ಗೊಣಗಿದರು. ನಾಲ್ಕು ವಾರಕ್ಕೆ ಅಪ್ಪನದು 2.1. ಎಂಟು ವಾರಕ್ಕೆ 1.9. ಅಲ್ಲಿಗೆ ನಿಂತಿತು. ಗ್ರಾವಿಟಿ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ, 24 ಗಂಟೆಯದ್ದೇ ಬೇಕು ಅಂದೆ. "ಹೊಲಕ್ಕೆ ಕ್ಯಾನ್ ಹೊತ್ಕೊಂಡು ಹೋಗ್ಲಾ, ನೋಡಿದೋರು ಏನಂತಾರೆ" ಅಂತ ಅಪ್ಪ. ಕೊನೆಗೆ ಒಂದು ದಿನ ಮನೆಯಲ್ಲೇ ಕೂತರು. 1.3 ಲೀಟರ್, ಲೀಟರಿಗೆ 1.9. ಹೊರಗೆ ಬಂದದ್ದು 2.5 ಮಿಲಿಗ್ರಾಂ. ಒಳಗೆ ಹೋದದ್ದು ನೀರಿನಿಂದ 1, ಟೀಯಿಂದ ಅರ್ಧ. ರಾಗಿ, ತರಕಾರಿಯೊಳಗಿನದನ್ನು ನಾನು ಅಳೆದಿಲ್ಲ. ಅದಕ್ಕೆ ಇನ್ನರ್ಧ ಸೇರಿಸಿದರೂ ಲೆಕ್ಕ ಕೂಡುವುದಿಲ್ಲ.

ಮಿಕ್ಕದ್ದು ಮೂಳೆಯಿಂದ. ದೊಡ್ಡವರ ಮೈ ಸೇರಿದ ಫ್ಲೋರೈಡ್‌ನಲ್ಲಿ ಸುಮಾರು ಅರ್ಧ ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದರಲ್ಲಿ ಹೆಚ್ಚುಕಡಿಮೆ ಎಲ್ಲಾ ಮೂಳೆಯಲ್ಲಿ ಕೂರುತ್ತದೆ. ರಕ್ತದ್ದು ಗಂಟೆಗಳ ಲೆಕ್ಕ, ಮೂಳೆಯದ್ದು ವರ್ಷಗಳ ಲೆಕ್ಕ. ನೀರು ಬದಲಾದರೆ ಮೂಳೆ ಸವೆದು ಹೊಸದಾಗುತ್ತಾ ಹಳೆಯ ಜಮೆಯನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಅರವತ್ತು ವರ್ಷ ಬೋರ್ ಮತ್ತು ಬಾವಿ ನೀರು ಕಟ್ಟಿದ ಕಂತು ಈಗ ವಾಪಸ್ ಬರುತ್ತಿದೆ. ಓದಿ ಗೊತ್ತಿತ್ತು. ನನ್ನ ಬಿಸ್ಕತ್ ಡಬ್ಬದಲ್ಲಿ ಕಾಣುತ್ತದೆ ಅಂತ ಗೊತ್ತಿರಲಿಲ್ಲ. ಇದು ರೋಗ ಪತ್ತೆ ಅಲ್ಲ ಅಂತ ಅಪ್ಪನಿಗೆ ಹೇಳಿದ್ದೇನೆ. ಮಂಡಿ ನೋವಿಗೆ ಡಾಕ್ಟರೇ.

ಅಪ್ಪ ಕೇಳಿದ್ದು ಒಂದೇ. "ಪೂರ್ತಿ ತೀರೋಕೆ ಎಷ್ಟು ವರ್ಷ?"

"ತುಂಬಾ ವರ್ಷ ಅಪ್ಪ."

"ಸೊಸೈಟಿ ಸಾಲಕ್ಕಿಂತ ಜಾಸ್ತೀನಾ?"

ಈಗ ಓಣಿಯವರಿಗೆಲ್ಲ ಸುದ್ದಿ ಹಬ್ಬಿದೆ. ಹೋದ ವಾರ ಬಸ್ಸಿನಲ್ಲಿ ಬೆಂಗಳೂರಿನ ನನ್ನ ಮನೆಗೆ ತಂದ ಐಸ್ ಡಬ್ಬದಲ್ಲಿ ಹನ್ನೊಂದು ಬಾಟಲಿ ಇದ್ದವು. ಕಂಡಕ್ಟರ್ "ಏನ್ ಸಾರ್, ತುಪ್ಪಾನಾ?" ಅಂದರು. ಹೂಂ ಅಂದೆ. ನಮ್ಮ ಫ್ರಿಜ್‌ನಲ್ಲಿ ಮಜ್ಜಿಗೆ ಪಕ್ಕ ಇವಕ್ಕೆ ಜಾಗ ಇಲ್ಲ ಅಂತ ಹೆಂಡತಿ ಚೀಟಿ ಅಂಟಿಸಿದ್ದಾಳೆ, ಹಾಗಾಗಿ ಹಳೆಯ ಚಿಕ್ಕ ಫ್ರಿಜ್ ಹುಡುಕುತ್ತಿದ್ದೇನೆ. ಟಿಸಾಬ್‌ಗೆ ಹಾಕುವ ಸಿಡಿಟಿಎ (ಲೋಹಗಳು ಫ್ಲೋರೈಡನ್ನು ಹಿಡಿದಿಡದಂತೆ ನೋಡಿಕೊಳ್ಳುವ ರಾಸಾಯನಿಕ) ಮುಗಿಯುತ್ತಾ ಬಂದಿದೆ. ಅಂಗಡಿಯವನು 100 ಗ್ರಾಂಗಿಂತ ಕಡಿಮೆ ಕೊಡಲ್ಲ ಅನ್ನುತ್ತಾನೆ, ನನಗೆ ಬೇಕಾದದ್ದು 20. ಪಾಲು ಹಾಕುವವರು ಇದ್ದರೆ ಹೇಳಿ, ಈ ತಿಂಗಳೊಳಗೆ.