ಚಿಂಚೋಳಿ ಕಾಡಿನ ಬಾಗಿಲಲ್ಲಿ ಉಳಿದ ಒಲೆ

ಕಲಬುರಗಿ ಮಂದಿ ಊರು ಬಿಡಬೇಕಾದರೆ ಬುತ್ತಿ ಮೊದಲು ಹೊರಡುತ್ತದೆ. ನಮ್ಮದೂ ಹಾಗೇ: ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ. ಸಾಲದ್ದಕ್ಕೆ ಭಾವ ಒಂದು ಸಣ್ಣ ಗ್ಯಾಸ್ ಒಲೆಯನ್ನೂ ಡಿಕ್ಕಿಗೆ ತುರುಕಿದ್ದರು. ಕಾಡಿನಲ್ಲಿ ಕೂತು ಬಿಸಿ ಚಹಾ ಕುಡಿಯುವುದು ಅವರ ಬಹಳ ದಿನದ ಆಸೆ.

ದಾರಿಯುದ್ದಕ್ಕೂ ತೊಗರಿ ಹೂವಿಗೆ ಬಂದಿತ್ತು. ಚಿಂಚೋಳಿ ದಾಟಿದ್ದೇ ಹೊಲ ಸರಿದು ಗುಡ್ಡ, ತೇಗದ ಮರ. ಬಿಸಿಲೂರಿನ ನಮಗೆ ಇದು ನಮ್ಮದೇ ಜಿಲ್ಲೆ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. 2011ರಲ್ಲಿ ವನ್ಯಜೀವಿ ಧಾಮವಾದ ಈ ಕಾಡಿನ ವಿಸ್ತೀರ್ಣ 134.88 ಚದರ ಕಿ.ಮೀ.

ಗೇಟಿನಲ್ಲಿ ಕಾವಲುಗಾರ ಡಿಕ್ಕಿ ತೆಗೆಸಿದ. ಹತ್ತಿರದ ತಾಂಡಾದವನಂತೆ, ವಯಸ್ಸಾದವ.

‘ಒಲಿ ಇಲ್ಲೇ ಇಡ್ರಿ. ಕಡ್ಡಿಪೆಟ್ಟಿಗಿನೂ.’

‘ಒಂದು ಚಾದಾಗ ಏನ್ ಸುಡತದ ಕಾಕಾ?’ ಭಾವ ಬಿಡಲಿಲ್ಲ.

ಆತ ಕಾಲಿನಿಂದಲೇ ಹುಲ್ಲು ಸರಿಸಿ ತೋರಿಸಿದ. ‘ಮ್ಯಾಲ ಹಸಿರದ. ಬುಡಕ್ಕ ನೋಡ್ರಿ, ಹೆಂಗ ಒಣಗ್ಯಾದ. ಚಿಗರಿ ಮರಿ ಇದ್ರಾಗೇ ಅಡಗಿ ಮಕ್ಕೊಂತಾವ. ಬೆಂಕಿ ಬಂದ್ರ ಅವು ಓಡಂಗಿಲ್ಲ, ಇನ್ನಾ ಮುದುರಿ ಕುಂಡ್ರತಾವ.’

ಭಾವ ಸುಮ್ಮನೆ ಒಲೆ ಇಳಿಸಿದರು. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವಂತಿಲ್ಲ, ಆಯುಧ ಒಯ್ಯುವಂತಿಲ್ಲ ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಪ್ರವಾಸಕ್ಕೂ ಫೋಟೋಗ್ರಫಿಗೂ ಪರವಾನಗಿ ಬೇಕು. ಇದನ್ನೆಲ್ಲ ನಾನು ಮೊದಲೇ ಓದಿದ್ದೆ. ಆದರೂ ಆ ಒಣ ಬುಡ ಕಂಡಾಗಲೇ ಬೆಂಕಿ ಎಂದರೆ ಏನೆಂದು ಹೊಳೆದದ್ದು.

ಪ್ರಾಣಿ ಕಂಡವೇ? ಇಲ್ಲ. ತೋಳ, ನರಿ, ಕೊಂಡುಕುರಿ ಎಲ್ಲ ಇಲ್ಲಿವೆ. ನಡುಮಧ್ಯಾಹ್ನ ಗದ್ದಲ ಮಾಡುತ್ತ ಬರುವವರಿಗೆ ಅವು ಯಾಕೆ ಮುಖ ತೋರಿಸಬೇಕು? ಆದರೆ ದಾರಿ ಬದಿಯಲ್ಲಿ ಸುಣ್ಣದ ಉಂಡೆಗಳಂಥವು ಬಿದ್ದಿದ್ದವು. ಅಳಿಯ ಮುಟ್ಟಲು ಹೋದ. ಜೊತೆಗೆ ಬಂದಿದ್ದ ಕಾವಲುಗಾರ ನಕ್ಕುಬಿಟ್ಟ: ಕತ್ತೆಕಿರುಬದ ಹಿಕ್ಕೆ! ಎಲುಬನ್ನೇ ಅಗಿದು ತಿನ್ನುವ ಪ್ರಾಣಿ, ಅದಕ್ಕೇ ಹಿಕ್ಕೆ ಒಣಗಿದರೆ ಬಿಳಿ. ಹುಡುಗನಿಗೆ ಹುಲಿ ಕಂಡಷ್ಟೇ ಖುಷಿ. ಮನೆಗೆ ಒಯ್ಯುತ್ತೇನೆ ಎಂದು ಹಟ ಹಿಡಿದವನನ್ನು ಎಳೆದುಕೊಂಡು ಬರಬೇಕಾಯಿತು.

ಚಂದ್ರಂಪಳ್ಳಿ ಜಲಾಶಯದ ಹತ್ತಿರ ಬುತ್ತಿ ಬಿಚ್ಚಿದೆವು. ಮಂಗಗಳು ಬಂದವು. ಅಕ್ಕ ಕರುಣೆಯಿಂದ ರೊಟ್ಟಿ ಮುರಿದಳು; ‘ಬ್ಯಾಡ್ರಿ ಅಕ್ಕಾರ, ನಾಳೆ ಬರೋರ ಕೈಯಾಗಿಂದು ಕಸಗೊಂತಾವ’ ಎಂಬ ಮಾತು ಕೇಳಿ ಕೈ ಹಿಂದೆಳೆದಳು. ಪ್ಲಾಸ್ಟಿಕ್ ಚೀಲಗಳನ್ನು ಮಡಚಿ ವಾಪಸು ತಂದೆವು. ನಮಗಿಂತ ಮುಂಚೆ ಬಂದವರು ತಂದಿರಲಿಲ್ಲ.

ಸಂಜೆ ಗೇಟಿನಲ್ಲಿ ಒಲೆ ಕೈಗೆ ಬಂತು. ಚಹಾ ಕೊನೆಗೆ ಚಿಂಚೋಳಿಯ ಅಂಗಡಿಯಲ್ಲೇ. ದುಡ್ಡು ಕೊಡಲು ಭಾವ ಜೇಬಿಗೆ ಕೈ ಹಾಕಿದಾಗ ಲೈಟರ್ ಟಣ್ಣನೆ ನೆಲಕ್ಕೆ ಬಿತ್ತು.

‘ಇದೊಂದು ಇರೋದೇ ಮರ್ತಿದ್ದೆ ನೋಡು’ ಎಂದರು.

ಅಕ್ಕ ನಂಬಲಿಲ್ಲ.