ಪ್ಯಾಪ್ ಟೆಸ್ಟ್ ಮಾಡಿಸಿದ್ದರೂ ಕ್ಯಾನ್ಸರ್ ಯಾಕೆ ಬಂತು?

ನಾನು ಪ್ಯಾಥಾಲಜಿ ಲ್ಯಾಬಿನಲ್ಲಿ ಪ್ಯಾಪ್ ಸ್ಮಿಯರ್ ಸ್ಲೈಡ್ ನೋಡುವ ಟೆಕ್ನಿಷಿಯನ್. ಗರ್ಭಕೋಶದ ಬಾಯಿಂದ ತೆಗೆದ ಜೀವಕೋಶಗಳನ್ನು ಸ್ಲೈಡಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಪ್ಯಾಪ್ ಟೆಸ್ಟ್. "ಟೆಸ್ಟ್ ನಾರ್ಮಲ್ ಬಂದಿತ್ತಲ್ಲ, ಗರ್ಭಕೋಶದ ಬಾಯಿ ಕ್ಯಾನ್ಸರ್ ಹೇಗಾಯಿತು?" ಎಂದು ಜನ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ಗರ್ಭಕೋಶದ ಬಾಯಲ್ಲಿ ಎರಡು ಬಗೆಯ ಜೀವಕೋಶಗಳು ಸೇರುವ ಜಾಗವಿದೆ. ರೋಗ ಹೆಚ್ಚಾಗಿ ಶುರುವಾಗುವುದು ಅಲ್ಲೇ. ಮುಟ್ಟು ನಿಂತ ಮೇಲೆ ಆ ಜಾಗ ಒಳಕ್ಕೆ ಸರಿಯುತ್ತದೆ. ಸ್ಯಾಂಪಲ್ ಅಲ್ಲಿಂದ ಬರದಿದ್ದರೆ ಎಷ್ಟು ಹೊತ್ತು ಕಣ್ಣಿಟ್ಟು ನೋಡಿದರೂ ಏನೂ ಸಿಗುವುದಿಲ್ಲ. ಸವರಿದ ಕೂಡಲೇ ಸ್ಲೈಡನ್ನು ಆಲ್ಕೋಹಾಲಿನಲ್ಲಿ ಅದ್ದಬೇಕು. ಕ್ಯಾಂಪಿನ ಗದ್ದಲದಲ್ಲಿ ಫ್ಯಾನ್ ಕೆಳಗೆ ಸುಮ್ನೆ ಇಟ್ಟುಬಿಟ್ಟರೆ ಒಣಗಿ, ಜೀವಕೋಶದೊಳಗಿನ ನ್ಯೂಕ್ಲಿಯಸ್ ಊದಿಕೊಂಡು ಮಸುಕಾಗುತ್ತದೆ. ಅಂಥ ಸ್ಲೈಡಿಗೆ 'ಸ್ಯಾಂಪಲ್ ಸರಿಯಿಲ್ಲ, ಮತ್ತೆ ಕಳಿಸಿ' ಎಂದು ರಿಪೋರ್ಟ್ ಹೋಗುತ್ತದೆ. ಅದನ್ನೇ ಏನೂ ಇಲ್ಲವಂತೆ ಎಂದುಕೊಂಡು ಸುಮ್ಮನಾದವರಿದ್ದಾರೆ.

ಸ್ಲೈಡ್ ಚೆನ್ನಾಗಿದ್ದರೂ ಒಂದೇ ಪ್ಯಾಪ್ ನಂಬಿ ಕೂರುವಂತಿಲ್ಲ. ಎಚ್‌ಪಿವಿ ವೈರಸ್ ತಗುಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10-20 ವರ್ಷ ಹಿಡಿಯುತ್ತದೆ. ಆಗಾಗ ಮಾಡಿಸುತ್ತಿದ್ದರೆ ಒಮ್ಮೆ ತಪ್ಪಿದ್ದು ಇನ್ನೊಮ್ಮೆ ಸಿಗಬಹುದು. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆಯಿಂದ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಒಂದೇ ಸುತ್ತಿನ ಪ್ಯಾಪ್‌ನಿಂದ ಅಂಥ ಇಳಿಕೆ ಕಾಣಲಿಲ್ಲ. ಎಚ್‌ಪಿವಿ ಪರೀಕ್ಷೆ ನಮ್ಮ ಹಳ್ಳಿಗಳಿಗೆ ಬೇಗ ಬರಬೇಕು ಎಂದು ನಾನು ಹೇಳುವುದು ಅದಕ್ಕೇ.

ಆದರೆ ನನಗೆ ಜಾಸ್ತಿ ಸಂಕಟವಾಗುವುದು ರಿಪೋರ್ಟ್ ಹೊರಬಿದ್ದ ಮೇಲೆ. ಒಬ್ಬರ ಸ್ಲೈಡಿನಲ್ಲಿ ಹೈ ಗ್ರೇಡ್ ಬದಲಾವಣೆ ಕಂಡಿತು. ಇನ್ನೂ ಕ್ಯಾನ್ಸರ್ ಅಂತ ಅಲ್ಲ, ಆ ಭಾಗವನ್ನಷ್ಟೇ ತೆಗೆದರೆ ಸಾಕಾಗುವ ಹಂತ. ಫಾರ್ಮಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಮಗ ಎತ್ತಿದ. "ಅವ್ವ ಆರಾಮ ಅದಾಳ್ರೀ, ಕಬ್ಬು ಕಡಿಯಾಕ ಹೋಗ್ಯಾಳ" ಅಂದ. ತಾಯಿಯ ಈ ರಿಪೋರ್ಟನ್ನು ಮಗನಿಗೆ ಹೇಳುವುದಾದರೂ ಹೇಗೆ, ಅಲ್ವಾ? ಅವರಿಗೆ ನೋವಿರಲಿಲ್ಲ, ರಕ್ತ ಹೋಗುತ್ತಿರಲಿಲ್ಲ. ಚಿಕಿತ್ಸೆ ಸುಲಭವಾಗಿರುವುದು ಆಗಲೇ, ಆದರೆ ಏನೂ ತೊಂದರೆ ಇಲ್ಲದಾಗ ಕೂಲಿ ಬಿಟ್ಟು ಆಸ್ಪತ್ರೆಗೆ ಯಾರು ಬರುತ್ತಾರೆ? ಕೊನೆಗೆ ಆಶಾ ಕಾರ್ಯಕರ್ತೆ ಆ ತಾಯಿಯ ಅಕ್ಕನನ್ನು ಹುಡುಕಿ, ಅಕ್ಕನ ಮೂಲಕ ಆ ತಾಯಿಯನ್ನು ಕಾಲ್ಪೊಸ್ಕೊಪಿಗೆ, ಅಂದರೆ ಗರ್ಭಕೋಶದ ಬಾಯನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆಗೆ, ಕರೆಸಿದರು.

ಈಗ ಫಾರ್ಮಿನಲ್ಲಿ ಆ ಮಹಿಳೆ ನಂಬುವ ಇನ್ನೊಬ್ಬ ಹೆಂಗಸಿನ ನಂಬರನ್ನೂ ಕೇಳುತ್ತೇವೆ. ನೀವು ಟೆಸ್ಟ್ ಮಾಡಿಸಿದ್ದರೆ ರಿಪೋರ್ಟ್ ಕೈಗೆ ಪಡೆದು ಡಾಕ್ಟರಿಗೆ ತೋರಿಸಿ. ನಾರ್ಮಲ್ ಇದ್ದರೂ, ಗಂಡನ ಜೊತೆ ಸೇರಿದ ಮೇಲೆ ಅಥವಾ ಮುಟ್ಟು ನಿಂತ ನಂತರ ರಕ್ತ ಕಂಡರೆ ಮುಂದಿನ ಕ್ಯಾಂಪಿಗೆ ಕಾಯಬೇಡಿ.