ಗೆದ್ದವರೇ ಇಲ್ಲದ ಫೋಟೋ

ಸೈಕಲ್ ರೇಸಿನ ಫೋಟೋ ಅಂದರೆ ನನಗೆ ಮೊದಲು ನೆನಪಾಗುವುದು 1964ರ ಟೂರ್ ಡಿ ಫ್ರಾನ್ಸ್‌ನದ್ದು, ಅಂದರೆ ದಿನಕ್ಕೊಂದು ಸ್ಟೇಜ್ ಅಂತ ಸುಮಾರು ಮೂರು ವಾರ ನಡೆಯುವ ರೇಸಿನದ್ದು. ಜುಲೈ 12, ಪುಯ್ ದ ದೋಮ್ ಬೆಟ್ಟದ ಏರು. ಪೈಪೋಟಿಗೆ ಬಿದ್ದ ಫ್ರಾನ್ಸಿನ ಜಾಕ್ ಆಂಕ್ಟಿಲ್ ಮತ್ತು ರೇಮೊಂ ಪುಲಿಡೋರ್ ಅಕ್ಕಪಕ್ಕದಲ್ಲೇ ತುಳಿಯುತ್ತಿದ್ದಾರೆ. ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವರು ತೊಡುವ ಹಳದಿ ಜೆರ್ಸಿಯಲ್ಲಿದ್ದ ಆಂಕ್ಟಿಲ್ ಬೆಟ್ಟದ ಕಡೆ, ಪುಲಿಡೋರ್ ಆಚೆ ಕಡೆ. ರಸ್ತೆ ಅಷ್ಟು ಅಗಲ ಇದ್ದರೂ ಇಬ್ಬರೂ ಒಬ್ಬರಿಗೊಬ್ಬರು ಒರಗಿಕೊಂಡ ಹಾಗೆ ಕಾಣುತ್ತಾರೆ. ಕೊನೆಗೆ ಪುಲಿಡೋರ್ ಮುಂದೆ ಹೋದರು, ಆಂಕ್ಟಿಲ್ 42 ಸೆಕೆಂಡ್ ಕಳೆದುಕೊಂಡರು. ಆದರೂ ಹಳದಿ ಜೆರ್ಸಿ ಬರೀ 14 ಸೆಕೆಂಡ್‌ಗಳ ಅಂತರದಲ್ಲಿ ಆಂಕ್ಟಿಲ್ ಬಳಿಯೇ ಉಳಿಯಿತು. ಎರಡು ದಿನ ಬಿಟ್ಟು ಪ್ಯಾರಿಸ್‌ನಲ್ಲಿ ಟೂರ್ ಗೆದ್ದವರೂ ಅವರೇ.

ಆದರೆ ಆ ದಿನದ ಸ್ಟೇಜ್ ಗೆದ್ದಿದ್ದು ಇವರಿಬ್ಬರಲ್ಲ, ಸ್ಪೇನಿನ ಹೂಲಿಯೋ ಹಿಮೆನೆಜ್. ಫೋಟೋದಲ್ಲಿ ಅವರೇ ಇಲ್ಲ!

ರೇಸ್ ಕವರ್ ಮಾಡುವ ಫೋಟೋ ಬೇರೆ, ಕಲೆಯ ಫೋಟೋ ಬೇರೆ ಅಂತ ವಾದ ಶುರುವಾದಾಗೆಲ್ಲ ನಾನು ಇದನ್ನೇ ಮುಂದಿಡುತ್ತೇನೆ. ಇದು ರೇಸ್ ಕವರ್ ಮಾಡಲು ಹೋದ ಪತ್ರಿಕಾ ಛಾಯಾಗ್ರಾಹಕ ತೆಗೆದ ಫೋಟೋ. ಯಾರು ಗೆದ್ದರು ಅನ್ನೋದನ್ನು ಅದು ಹೇಳಲ್ಲ. ಆದರೆ ಆ ವರ್ಷದ ಇಡೀ ಟೂರ್ ಹೇಗಿತ್ತು ಅಂತ ಒಂದೇ ಏಟಿಗೆ ಹೇಳಿಬಿಡುತ್ತದೆ.

ಫಿನಿಶ್ ಲೈನ್‌ನ ಆಚೆ ರಸ್ತೆಯ ಮೇಲೇ ಕೂತು, ಉದ್ದ ಲೆನ್ಸ್ ಹಿಡಿದು ಕಾಯುವವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಗಂಟೆಗೆ 60 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಒಂದು ಗುಂಪು ನೇರ ಅವರ ಮೇಲೇ ಬರುತ್ತಿರುತ್ತದೆ, ಗೆದ್ದವರ ಮುಖ, ಎತ್ತಿದ ಕೈ, ಎದೆ ಮೇಲಿನ ಪ್ರಾಯೋಜಕರ ಹೆಸರು ಎಲ್ಲವೂ ಚೊಕ್ಕವಾಗಿ ಬರಬೇಕು, ಆಮೇಲೆ ನಿಮಿಷಗಳಲ್ಲಿ ಅದು ಪತ್ರಿಕೆಗಳಿಗೆ ತಲುಪಬೇಕು. ಬೈಕಿನ ಹಿಂದಿನ ಸೀಟಲ್ಲಿ ಕೂತವರ ಪಾಡೂ ಸುಲಭ ಅಲ್ಲ. ಒಂದು ಕಡೆ ಇಳಿದು ಫೋಟೋ ತೆಗೆಯುವಷ್ಟರಲ್ಲಿ ರೇಸ್ ಮುಂದೆ ಹೋಗಿರುತ್ತದೆ. ಕಿರಿದಾದ ರಸ್ತೆಯಲ್ಲಿ ಗುಂಪನ್ನು ದಾಟಬೇಕಾದರೆ ರೇಸ್ ಅಧಿಕಾರಿಗಳು ಬಿಡಬೇಕು.

ಆದರೆ ಯಾರು ಗೆದ್ದರು ಅನ್ನೋದಕ್ಕೆ ಈಗ ಯಂತ್ರವೇ ಇದೆ, ಅಲ್ವಾ? 2017ರ ಟೂರ್‌ನ ಏಳನೇ ಸ್ಟೇಜಿನಲ್ಲಿ ಮಾರ್ಸೆಲ್ ಕಿಟೆಲ್ ಗೆದ್ದ ಅಂತರ 6 ಮಿಲಿಮೀಟರ್. ಬರಿಗಣ್ಣಿಗೆ ಅದು ಕಾಣಲ್ಲ, ತೀರ್ಪು ಕೊಟ್ಟಿದ್ದು ಫೋಟೋ ಫಿನಿಶ್ ಕ್ಯಾಮೆರಾ. ಆ ಕೆಲಸ ಅದು ಮಾಡಿಕೊಳ್ಳಲಿ. ಕ್ಯಾಮೆರಾ ಹಿಡಿದ ಮನುಷ್ಯ ಉಳಿದದ್ದನ್ನು ಹೇಳಬೇಕು.

ಹಾಗಂತ ಸೂರ್ಯಕಾಂತಿ ಹೊಲದ ಫೋಟೋಗಳನ್ನು ನಾನು ಒಪ್ಪಲ್ಲ. ಪ್ರತಿ ಜುಲೈನಲ್ಲೂ ಬರುತ್ತವೆ. ಮುಂದೆ ಹಳದಿ ಹೂವು, ಹಿಂದೆ ಬಣ್ಣಬಣ್ಣದ ಚುಕ್ಕಿಗಳಾಗಿ ಸವಾರರು. ನೋಡೋಕೆ ಚೆನ್ನಾಗಿರುತ್ತೆ, ನಿಜ. ಆದರೆ ಅದು ಯಾವ ವರ್ಷದ್ದು, ಯಾರು ಯಾರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು, ಯಾರ ಕಾಲು ಸೋತಿತ್ತು, ಒಂದೂ ಗೊತ್ತಾಗಲ್ಲ. ಹೋದ ವರ್ಷದ ಫೋಟೋ ಹಾಕಿದರೂ ನಡೆಯುತ್ತೆ ಅಂದರೆ ಅದು ಕ್ಯಾಲೆಂಡರ್ ಚಿತ್ರ. ಸವಾರನ ಆರು ಗಂಟೆಯ ದುಡಿಮೆ ಅಲ್ಲಿ ಹೂವಿಗೆ ಅಲಂಕಾರ ಆಗಿಬಿಡುತ್ತದೆ.

ಸವಾರರನ್ನೇ ತೋರಿಸದೆ ರೇಸ್ ಹೇಳಿದವರೂ ಇದ್ದಾರೆ. ಯುದ್ಧದ ಫೋಟೋಗಳಿಗೆ ಹೆಸರಾದ ರಾಬರ್ಟ್ ಕಾಪಾ 1939ರಲ್ಲಿ ಟೂರ್ ಜೊತೆ ಹೋಗಿದ್ದರು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಪ್ಲೇಬೆನ್ ಎಂಬ ಊರಲ್ಲಿ, ಅದೇ ರೇಸಿನಲ್ಲಿದ್ದ ಪಿಯೆರ್ ಕ್ಲೊಅರೆಕ್ ಅವರ ಸೈಕಲ್ ಅಂಗಡಿ ಮುಂದೆ ಜನ ಸಾಲಾಗಿ ನಿಂತಿದ್ದಾರೆ. ಒಂದು ಫೋಟೋದಲ್ಲಿ ಎಲ್ಲರ ಮುಖ ಒಂದು ಕಡೆ, ಇನ್ನೊಂದರಲ್ಲಿ ಮತ್ತೊಂದು ಕಡೆ. ಅಷ್ಟೇ. ರಸ್ತೆ ಬದಿ ನಿಂತು ರೇಸ್ ನೋಡಿದವರಿಗೆಲ್ಲ ಗೊತ್ತು, ಕಾದಿದ್ದು ಅರ್ಧ ದಿನ, ಕಂಡಿದ್ದು ಅರೆಗಳಿಗೆ. ಎಷ್ಟು ಸಲ ನೋಡಿದರೂ ಆ ಫೋಟೋಗಳು ನನಗೆ ಸಾಕಾಗಲ್ಲ.

ಇನ್ನೊಂದು ಈಚಿನದು. 2021ರ ಅಕ್ಟೋಬರ್ 2, ಹೆಂಗಸರಿಗಾಗಿ ನಡೆದ ಮೊಟ್ಟಮೊದಲ ಪ್ಯಾರಿಸ್-ರುಬೆ, ಕಲ್ಲು ಹಾಸಿದ ರಸ್ತೆಗಳಿಗೆ ಹೆಸರಾದ ಫ್ರಾನ್ಸಿನ ಒಂದು ದಿನದ ರೇಸ್. ಗಂಡಸರ ರೇಸ್ ಶುರುವಾಗಿದ್ದು 1896ರಲ್ಲಿ! ಲಿಜ್ಜಿ ಡೈಗ್ನನ್ 80 ಕಿಲೋಮೀಟರಿಗೂ ಜಾಸ್ತಿ ಒಬ್ಬರೇ ಓಡಿಸಿ ಗೆದ್ದರು. ಕೈಗೆ ಗ್ಲೌಸ್ ಇರಲಿಲ್ಲ. ಕಲ್ಲು ಹಾಸಿನ ರಸ್ತೆ ಅಲುಗಾಡಿಸಿದ್ದಕ್ಕೆ ಅಂಗೈ ಕಿತ್ತು ಹೋಗಿ, ಹ್ಯಾಂಡಲ್‌ಗೆ ಸುತ್ತಿದ ಟೇಪ್ ಮೇಲೆಲ್ಲ ರಕ್ತ. ಕೈ ಎತ್ತಿದ ಫೋಟೋ ಎಲ್ಲ ಕಡೆ ಬಂತು, ಬರಲೇಬೇಕಿತ್ತು. ನನ್ನ ಮನಸ್ಸಲ್ಲಿ ಕೂತಿದ್ದು ಮಾತ್ರ ಆ ಹ್ಯಾಂಡಲ್ ಫೋಟೋ. ಅದು ಬೇರೆ ಯಾವ ರೇಸಿನದ್ದೂ ಆಗಲು ಸಾಧ್ಯವಿಲ್ಲ.

ನಮ್ಮ ಕಡೆ ಬಂದರೆ ನನಗೆ ಬೇಜಾರಾಗುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ-ಹುಡುಗಿಯರು ಎಷ್ಟೋ ವರ್ಷಗಳಿಂದ ರಾಷ್ಟ್ರೀಯ ಕೂಟಗಳಲ್ಲಿ ಪದಕ ತರುತ್ತಿದ್ದಾರೆ. ಅವರ ಫೋಟೋ ಅಂತ ಕಾಣಸಿಗೋದು ಹೆಚ್ಚಾಗಿ ಪದಕ, ಹಾರ, ಶಾಲು, ಪಕ್ಕದಲ್ಲಿ ಗಣ್ಯರ ಸಾಲು. ಅವರು ತುಳಿಯುತ್ತಿರುವ ಫೋಟೋ ಎಲ್ಲಿ? ಅಡ್ಡಗಾಳಿಗೆ ಇಡೀ ಗುಂಪು ರಸ್ತೆಗೆ ಓರೆಯಾಗಿ ಸಾಲು ಕಟ್ಟಿದ್ದು, ಕೊನೆಯವನು ಅಂಚಿನ ಮಣ್ಣಿಗೆ ಇಳಿದು ಒದ್ದಾಡಿದ್ದು ಎಲ್ಲಿ? ಇಲ್ಲಿ ನಮಗೆ ಕಲೆಯ ಫೋಟೋ ಇಲ್ಲ ಅನ್ನೋ ಮಾತಿರಲಿ, ಸರಿಯಾದ ರೇಸ್ ಫೋಟೋಗಳೇ ಸಿಗಲ್ಲ.

ಆ ಕಡೆ ರೇಸ್ ನೋಡಲು ಹೋಗುವವರು ಫಿನಿಶ್ ಲೈನ್ ಬಿಟ್ಟು ಒಂದೆರಡು ಕಿಲೋಮೀಟರ್ ಹಿಂದೆ, ಏರು ಇದ್ದರೆ ಅಲ್ಲಿ, ತಿರುವು ಇದ್ದರೆ ಅಲ್ಲಿ ನಿಂತು ನೋಡಿ. ಮೊಬೈಲಲ್ಲಿ ತೆಗೆದರೂ ಸಾಕು. ಸವಾರರ ಹೆಸರು, ಊರು, ತಾರೀಖು ಮಾತ್ರ ಮರೆಯದೆ ಬರೆದಿಡಿ.